ತೋಟದ ಮನೆಯ ನಾಯಿಮರಿಗೆ ಜಾಗ ಕಲಿಸುವ ಕ್ರಮ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕೂ ತಾಲ್ಲೂಕುಗಳಲ್ಲಿ ನಾಯಿ ಇಲ್ಲದ ತೋಟದ ಮನೆ ಅಪರೂಪ. ಪಂಪ್‌ಸೆಟ್ಟಿನ ತಂತಿ, ಹನಿ ನೀರಾವರಿಯ ಪೈಪು, ಕೋಳಿ, ಕುರಿ, ದ್ರಾಕ್ಷಿ ಚಪ್ಪರ ಇವುಗಳ ಕಾವಲಿಗೆ ನಾಯಿ ಬೇಕೇ ಬೇಕು. ಮರಿಯನ್ನು ತಂದ ದಿನವೇ ಅದಕ್ಕೊಂದು ಹೆಸರಿಡುತ್ತೇವೆ, ಮಾರನೆಯ ದಿನ ಕೊರಳಿಗೆ ಹಗ್ಗ ಬೀಳುತ್ತದೆ. ಮಲಮೂತ್ರಕ್ಕೆ ಎಲ್ಲಿ ಹೋಗಬೇಕೆಂಬುದನ್ನು ಮಾತ್ರ ಕಲಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ‘ಇಷ್ಟು ಬಯಲಿದೆ, ಎಲ್ಲಾದರೂ ಹೋಗಿಕೊಳ್ಳಲಿ, ಜಾಗ ಕಲಿಸುವುದು ಪಟ್ಟಣದವರ ಚಾಳಿ’ ಎನ್ನುವವರೇ ನಮ್ಮಲ್ಲಿ ಹೆಚ್ಚು.

ವಿಚಾರ ಮಾಡಿ ನೋಡಿದರೆ ಈ ಪಾಠದ ಅಗತ್ಯ ಪಟ್ಟಣದವರಿಗಿಂತ ರೈತನಿಗೇ ಹೆಚ್ಚು. ಪಟ್ಟಣದಲ್ಲಿ ನಾಯಿ ಹೊಸ್ತಿಲು ದಾಟಿ ಹೊರಗೆ ಹೋದರೆ ಮನೆ ಚೊಕ್ಕಟವಾಗಿರುತ್ತದೆ. ನಮ್ಮಲ್ಲಿ ಹೊಸ್ತಿಲಿನಾಚೆ ಏನಿದೆ? ರಾಗಿ ಒಕ್ಕುವ ಕಣವಿದೆ, ಹುಲ್ಲಿನ ಮೆದೆಯಿದೆ, ಕೊಟ್ಟಿಗೆಯ ಗೋದಲಿಯಿದೆ, ಕೊತ್ತಂಬರಿ ಮತ್ತು ದಂಟಿನ ಮಡಿಗಳಿವೆ, ನೀರಿನ ತೊಟ್ಟಿಯಿದೆ, ಮಕ್ಕಳು ಬರಿಗಾಲಿನಲ್ಲಿ ಆಡುವ ಅಂಗಳವಿದೆ. ನಮಗೆ ಇವೆಲ್ಲವೂ ಸೇರಿಯೇ ಮನೆ. ಆದುದರಿಂದ ತೋಟದ ಮನೆಯ ಮರಿಗೆ ‘ಆಚೆ ಹೋಗು’ ಎಂದು ಕಲಿಸಿದರೆ ಸಾಲದು. ಆಚೆಯೂ ಗೊತ್ತುಮಾಡಿದ ಒಂದೇ ಜಾಗಕ್ಕೆ ಹೋಗುವಂತೆ ಕಲಿಸಬೇಕು.

ಇನ್ನೊಂದು ಮಾತು. ಬೀದಿ ನಾಯಿಗಳು ಹೆಚ್ಚಾಗಿ ಮರಿ ಹಾಕುವುದು ಅಕ್ಟೋಬರಿನಿಂದ ಮಾರ್ಚಿಯವರೆಗೆ. ಊರಿನಲ್ಲಿ ಮರಿಗಳು ಸುಲಭವಾಗಿ ಸಿಗುವ ಈ ಕಾಲವೇ ನಮ್ಮ ರಾಗಿ ಕೊಯ್ಲಿನ, ಮೆದೆ ಒಟ್ಟುವ, ಕಣ ಮಾಡುವ ಕಾಲ. ಮರಿ ಜಾಗ ಹುಡುಕುವ ವಯಸ್ಸಿನಲ್ಲಿ ಅದರ ಕಣ್ಣೆದುರಿಗೆ ಮೆತ್ತನೆಯ ಹುಲ್ಲು ಬಿದ್ದಿರುತ್ತದೆ. ಅಲ್ಲಿ ಕಲಿತದ್ದನ್ನು ಬಿಡಿಸುವುದು ಕಷ್ಟ.

ಮಲದಿಂದ ಮಣ್ಣಿಗೆ, ಮಣ್ಣಿನಿಂದ ಮನುಷ್ಯನಿಗೆ

ನಾನು ಬೇಸಾಯಶಾಸ್ತ್ರದವನು, ನಾಯಿಯ ಚಿಕಿತ್ಸೆಯ ವಿಷಯವನ್ನು ಪಶುವೈದ್ಯರಿಗೇ ಬಿಡುತ್ತೇನೆ. ಆದರೆ ನಾಯಿಯ ಮಲ ಮಣ್ಣಿಗೆ ಬಿದ್ದ ಮೇಲೆ ನಡೆಯುವ ಸಂಗತಿಯನ್ನು ಪ್ರತಿಯೊಬ್ಬ ರೈತನೂ ತಿಳಿದಿರಬೇಕು.

ನಾಯಿಯ ಕರುಳಿನಲ್ಲಿರುವ ಕೊಕ್ಕೆಹುಳುವಿನ ಮೊಟ್ಟೆಗಳು ಮಲದೊಡನೆ ಹೊರಬರುತ್ತವೆ. ಮಣ್ಣು ಬೆಚ್ಚಗೆ ತೇವವಾಗಿದ್ದರೆ 1-2 ದಿನಗಳಲ್ಲಿ ಒಡೆದು ಮರಿಹುಳುಗಳಾಗುತ್ತವೆ. ಇವು ಸುಮಾರು ಒಂದು ವಾರದಲ್ಲಿ ಚರ್ಮವನ್ನು ಕೊರೆದು ಒಳಹೋಗುವ ಶಕ್ತಿ ಪಡೆಯುತ್ತವೆ. ಬರಿಗಾಲಿನಲ್ಲಿ ಕಳೆ ಕೀಳುವವರ ಪಾದದಲ್ಲಿ, ಮಣ್ಣಿನಲ್ಲಿ ಕೂತು ಆಡುವ ಮಕ್ಕಳ ತೊಡೆಯಲ್ಲಿ, ಹಾವಿನಂತೆ ಹರಿದಾಡಿದ ಕೆಂಪು ಗೆರೆ ಮತ್ತು ತಡೆಯಲಾರದ ತುರಿಕೆ ಕಾಣಿಸಿಕೊಳ್ಳುವುದುಂಟು. ಇದು ಈ ಹುಳುವಿನದೇ ಕೆಲಸ. ದುಂಡುಹುಳುವಿನ ಮೊಟ್ಟೆ ಇನ್ನೂ ಗಟ್ಟಿ. ಅದು ರೋಗ ತರುವ ಸ್ಥಿತಿಗೆ ಬರಲು 2ರಿಂದ 4 ವಾರ ಬೇಕು; ಬಂದ ಮೇಲೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲುದು. ತೊಳೆಯದ ಕೈ, ಸರಿಯಾಗಿ ತೊಳೆಯದ ಸೊಪ್ಪು ಇವುಗಳ ಮೂಲಕ ಮಗುವಿನ ಹೊಟ್ಟೆ ಸೇರಿದರೆ ಮರಿಹುಳುಗಳು ಈಲಿ, ಶ್ವಾಸಕೋಶ, ಒಮ್ಮೊಮ್ಮೆ ಕಣ್ಣನ್ನೂ ಮುಟ್ಟುತ್ತವೆ.

ಈ ಎರಡು ಲೆಕ್ಕಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮಲ ಬಿದ್ದ ದಿನವೇ ಈ ಮೊಟ್ಟೆಗಳು ಅಪಾಯಕಾರಿಯಲ್ಲ. ಅಂದಂದಿನದನ್ನು ಅಂದೇ ತೆಗೆದುಬಿಟ್ಟರೆ ಹುಳುವಿನ ಸರಪಳಿ ಕಡಿಯುತ್ತದೆ. ನಾಯಿ ಎರಡು ಎಕರೆಯಲ್ಲಿ ಎಲ್ಲೆಂದರಲ್ಲಿ ಹೋದರೆ ಹುಡುಕಿ ತೆಗೆಯುವವರು ಯಾರು? ಒಂದೇ ಜಾಗಕ್ಕೆ ಹೋದರೆ ಸಲಿಕೆಯಲ್ಲಿ ಎರಡು ನಿಮಿಷದ ಕೆಲಸ. ಜಾಗ ಕಲಿಸುವುದರ ಪೂರ್ಣ ಪ್ರಯೋಜನ ಇಲ್ಲಿಯೇ ಇರುವುದು.

ಲಾಡಿಹುಳುವಿನ ವಿಷಯ ಬೇರೆ. ಕುರಿಗಳ ಮಿದುಳಿನಲ್ಲಿ ನೀರುಗುಳ್ಳೆ ಬೆಳೆದು ಅವು ತಲೆ ವಾಲಿಸಿಕೊಂಡು ಸುತ್ತುಹಾಕುವ ರೋಗವನ್ನು ಕುರಿ ಸಾಕಿದವರು ನೋಡಿರಬಹುದು. ಕುರಿ, ದನ ಮತ್ತು ಮನುಷ್ಯರ ಈಲಿ, ಶ್ವಾಸಕೋಶಗಳಲ್ಲಿ ಹೈಡಾಟಿಡ್ ಎಂಬ ಗುಳ್ಳೆ ಬೆಳೆಯುವುದೂ ನಾಯಿಯ ಲಾಡಿಹುಳುವಿನಿಂದಲೇ. ಈ ಮೊಟ್ಟೆಗಳು ಮಲದೊಡನೆ ಬೀಳುವಾಗಲೇ ರೋಗ ಹರಡಲು ಸಿದ್ಧವಾಗಿರುತ್ತವೆ. ಆದುದರಿಂದ ಇದನ್ನು ನಾಯಿಯ ಬಾಯಿಯಲ್ಲೇ ತಡೆಯಬೇಕು. ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ಕುರಿ ಕುಯ್ದಾಗ ಗುಳ್ಳೆ ಕಂಡ ಈಲಿ, ಶ್ವಾಸಕೋಶ ಮತ್ತು ತಲೆಯನ್ನು ನಾಯಿಗೆ ಎಸೆಯುವ ರೂಢಿ ಹಲವೆಡೆ ಇದೆ. ಇದು ಬಹಳ ಕೆಟ್ಟ ರೂಢಿ. ಅಂಥದನ್ನು ನಾಯಿ ಅಗೆದು ತೆಗೆಯಲಾಗದಷ್ಟು ಆಳದಲ್ಲಿ ಹೂಳಬೇಕು.

ಹಾಲಿನ ಡೈರಿಯನ್ನು ನಂಬಿದವರಿಗೆ ಮತ್ತೊಂದು ಎಚ್ಚರಿಕೆ. ನಿಯೋಸ್ಪೋರ ಎಂಬ ಸೂಕ್ಷ್ಮ ಪರೋಪಜೀವಿ ನಾಯಿಯ ಮಲದಿಂದ ಮೇವಿಗೆ ಸೇರಿ, ಅದನ್ನು ತಿಂದ ಗಬ್ಬದ ಹಸುವಿನಲ್ಲಿ ಗರ್ಭಪಾತ ಉಂಟುಮಾಡಬಲ್ಲುದು. ಕಂದು ಹಾಕಿದ ಕರುವನ್ನೋ ಮಾಸನ್ನೋ ತಿಂದ ನಾಯಿಗೆ ಅದು ಮತ್ತೆ ಅಂಟುತ್ತದೆ. ಮಿಶ್ರತಳಿಯ ಹಸು ಒಂದು ಸಲ ಕಂದು ಹಾಕಿದರೆ ಆಗುವ ನಷ್ಟವನ್ನು ನಾನು ಹೇಳಬೇಕಾಗಿಲ್ಲ. ಮೇವಿನ ಮೆದೆಯ ಮೇಲೆ ನಾಯಿ ಮಲಗುವುದನ್ನು ನೋಡಿ ಸುಮ್ಮನಿರುವ ರೈತರು ಇದನ್ನು ಯೋಚಿಸಬೇಕು.

ಜಾಗದ ಆಯ್ಕೆ

ಮರಿಯನ್ನು ತರುವ ಮುಂಚೆಯೇ ಜಾಗವನ್ನು ಗೊತ್ತುಮಾಡಿ. ಸುಮಾರು 6 ಅಡಿ ಉದ್ದ, 6 ಅಡಿ ಅಗಲ ಸಾಕು. ಬಾವಿ, ಕೊಳವೆ ಬಾವಿಗಳಿಂದ ಕನಿಷ್ಠ 50 ಅಡಿ ದೂರವಿರಲಿ, ಇಳಿಜಾರಿನಲ್ಲಿ ಅವುಗಳಿಗಿಂತ ಕೆಳಗಿರಲಿ. ಮಳೆ ನೀರು ಅಲ್ಲಿಂದ ಸೊಪ್ಪಿನ ಮಡಿಗೆ ಹರಿಯಬಾರದು. ಬಿಸಿಲು ಬೀಳುವ, ನೀರು ನಿಲ್ಲದ ಜಾಗವೇ ಒಳ್ಳೆಯದು. ಕೊಕ್ಕೆಹುಳುವಿನ ಮರಿಗಳು ಒಣಗಿದ ಮಣ್ಣಿನಲ್ಲಿ, ಬಿಸಿಲಿನಲ್ಲಿ ಬದುಕಲಾರವು. ಮನೆಯಿಂದ ಬಹು ದೂರ ಮಾಡಬೇಡಿ. ಎರಡು ತಿಂಗಳ ಮರಿಯನ್ನು 200 ಅಡಿ ನಡೆಸಿಕೊಂಡು ಹೋಗುವಷ್ಟರಲ್ಲಿ ಅದು ದಾರಿಯಲ್ಲೇ ಮುಗಿಸಿಬಿಡುತ್ತದೆ.

ಮುಖ್ಯವಾಗಿ ಗಮನಿಸಬೇಕಾದ್ದು ಕಾಲಡಿಯ ನೆಲವನ್ನು. ಹುಟ್ಟಿದ ಸುಮಾರು 3 ವಾರಗಳವರೆಗೆ ತಾಯಿಯೇ ನೆಕ್ಕಿ ಮರಿಯ ಮಲಮೂತ್ರ ಮಾಡಿಸುತ್ತದೆ, ತಾನೇ ಚೊಕ್ಕಟ ಮಾಡುತ್ತದೆ. ಆಮೇಲೆ ಮರಿ ತಾನಾಗಿಯೇ ಮಲಗುವ ಗೂಡಿನಿಂದ ಆಚೆ ಹೋಗಲು ಮೊದಲು ಮಾಡುತ್ತದೆ. ಏಳು, ಎಂಟು, ಒಂಬತ್ತನೆಯ ವಾರಗಳಲ್ಲಿ ಯಾವ ಬಗೆಯ ನೆಲ ಅದರ ಕಾಲಿಗೆ ರೂಢಿಯಾಗುತ್ತದೆಯೋ ಅದನ್ನೇ ಮುಂದೆಯೂ ಹುಡುಕುತ್ತದೆ. ಪಟ್ಟಣದವರು ಕಾಗದ ಹಾಸಿ ಕಲಿಸುತ್ತಾರೆ. ಅಂಥ ಮರಿ ದೊಡ್ಡದಾದ ಮೇಲೂ ನೆಲಕ್ಕೆ ಬಿದ್ದ ಕಾಗದ ಕಂಡರೆ ಕಾಲೆತ್ತುತ್ತದೆ.

ನಮ್ಮಲ್ಲಿ ಕಾಗದದ ಬದಲು ಗೋಣಿಚೀಲ ಹಾಸುತ್ತಾರೆ, ಇಲ್ಲವೆ ರಾಗಿ ಹುಲ್ಲು ಹರಡುತ್ತಾರೆ. ಎರಡೂ ಕೂಡದು. ಗೋಣಿಯ ಮೇಲೆ ಕಲಿತ ಮರಿ ನಾಳೆ ರಾಗಿ ತುಂಬಿದ ಮೂಟೆಯ ಪಕ್ಕಕ್ಕೆ ಹೋಗುತ್ತದೆ. ಹುಲ್ಲಿನ ಮೇಲೆ ಕಲಿತದ್ದು ಮೆದೆಯನ್ನು ಹುಡುಕುತ್ತದೆ. ಅಗೆದು ಹದಮಾಡಿದ ಕೆಂಪು ಮಣ್ಣೂ ಬೇಡ. ಸಸಿಮಡಿಗೂ ಅದಕ್ಕೂ ಮರಿಗೆ ವ್ಯತ್ಯಾಸ ತಿಳಿಯದು. ನಿಮ್ಮ ಹೊಲ, ಕಣ, ಕೊಟ್ಟಿಗೆ ಮೂರರಲ್ಲೂ ಇಲ್ಲದ ನೆಲವನ್ನು ಅದಕ್ಕೆ ಕೊಡಿ. ಗೊತ್ತುಮಾಡಿದ ಜಾಗದ ಮೇಲೆ 3-4 ಅಂಗುಲ ದಪ್ಪ ದಪ್ಪಮರಳು ಹರಡಿದರೆ ಸಾಕು. ಎಂ-ಸ್ಯಾಂಡ್ ಆದರೂ ಆದೀತು. ಸುತ್ತ ಕಲ್ಲಿನ ಸಾಲು ಜೋಡಿಸಿದರೆ ಮಕ್ಕಳಿಗೂ ಗುರುತಾಗುತ್ತದೆ, ಅವರು ಅಲ್ಲಿ ಆಡುವುದಿಲ್ಲ. ಮನೆ ಕಟ್ಟಲು ತಂದ ಮರಳಿನ ರಾಶಿ ಹತ್ತಿರದಲ್ಲಿದ್ದರೆ ಅದನ್ನು ಟಾರ್ಪಾಲಿನಿಂದ ಮುಚ್ಚಿಡಿ.

ಹಾಲು ಕರೆಯುವ ವೇಳೆಗೆ ಹೊಂದಿಸಿ

ಚಿಕ್ಕ ಮರಿ ಎಷ್ಟು ಹೊತ್ತು ತಡೆಯಬಲ್ಲುದು? ಅದರ ವಯಸ್ಸಿನ ತಿಂಗಳಿಗೆ ಒಂದನ್ನು ಕೂಡಿಸಿದರೆ ಬರುವಷ್ಟು ಗಂಟೆ ಎಂದು ಸ್ಥೂಲವಾಗಿ ಹೇಳಬಹುದು. ಅಂದರೆ 2 ತಿಂಗಳ ಮರಿಗೆ 3 ಗಂಟೆ. ಇದು ಹೆಚ್ಚೆಂದರೆ ಎಂಬ ಲೆಕ್ಕ. ಎಚ್ಚರವಿದ್ದು ಆಡುತ್ತಿರುವ ಮರಿ ಅರ್ಧ ಗಂಟೆಯೂ ತಡೆಯದು. ನಿದ್ದೆಯಿಂದ ಎದ್ದ ಕೂಡಲೇ, ತಿಂದ 10-15 ನಿಮಿಷದೊಳಗೆ, ಚೆನ್ನಾಗಿ ಆಡಿದ ಮೇಲೆ ಈ ಮೂರು ವೇಳೆಗಳಲ್ಲಿ ಅದಕ್ಕೆ ಹೋಗಲೇಬೇಕಾಗುತ್ತದೆ. ಹೊಟ್ಟೆಗೆ ಆಹಾರ ಬಿದ್ದೊಡನೆ ಕರುಳು ಚಲಿಸುವುದು ಪ್ರಾಣಿಗಳ ಸಹಜ ಗುಣ. ನೆಲ ಮೂಸುತ್ತ ಸುತ್ತು ತಿರುಗುವುದು, ಆಟ ಬಿಟ್ಟು ಮೂಲೆಗೆ ಸರಿಯುವುದು ಇವೆಲ್ಲ ಸೂಚನೆಗಳು.

ಡೈರಿಗೆ ಹಾಲು ಹಾಕುವ ಮನೆಯಲ್ಲಿ ಐದು ಗಂಟೆಗೇ ದೀಪ ಹತ್ತುತ್ತದೆ. ಇದು ಒಂದು ಅನುಕೂಲ. ಹಾಲು ಕರೆಯಲು ಎದ್ದವರು ಮೊದಲು ಮರಿಯನ್ನು ಎತ್ತಿಕೊಂಡು ಮರಳಿನ ಜಾಗಕ್ಕೆ ಬಿಟ್ಟು ಬರಲಿ. ನಡೆಸಿಕೊಂಡು ಹೋಗಬೇಡಿ, ಮೊದಲ ವಾರ ಎತ್ತಿಕೊಂಡೇ ಹೋಗಿ. ಡೈರಿಯಿಂದ ಬಂದ ಮೇಲೆ ಊಟ, ಊಟವಾದ ಮೇಲೆ ಮತ್ತೆ ಜಾಗ. ಹಗಲು ಎರಡು ಗಂಟೆಗೊಮ್ಮೆ, ಸಂಜೆ ಹಾಲು ಕರೆಯುವ ಮುನ್ನ ಒಮ್ಮೆ, ರಾತ್ರಿ ಮಲಗುವಾಗ ಒಮ್ಮೆ. ಮೊದಲ ಎರಡು ವಾರ ನಡುರಾತ್ರಿಯೂ ಒಂದು ಸಲ ಏಳಬೇಕಾಗುತ್ತದೆ. ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ಮೋಟಾರು ಹಾಕಲು ಏಳುವವರಿಗೆ ಇದೊಂದು ಹೊಸ ಕಷ್ಟವೇನೂ ಆಗಲಾರದು.

ಈ ಕೆಲಸ ಒಬ್ಬರ ಜವಾಬ್ದಾರಿಯಾಗಿರಬೇಕು. ಎಲ್ಲರದೂ ಎಂದರೆ ಯಾರದೂ ಆಗುವುದಿಲ್ಲ. ಹಗಲು ಮನೆಯಲ್ಲಿರುವ ಅಜ್ಜ ಅಜ್ಜಿಯರು ಇದಕ್ಕೆ ಹೇಳಿ ಮಾಡಿಸಿದವರು. ಜಾಗಕ್ಕೆ ಬಿಟ್ಟಾಗ ಹೇಳುವ ಮಾತು ಎಲ್ಲರ ಬಾಯಲ್ಲೂ ಒಂದೇ ಇರಲಿ. ಒಬ್ಬರು ‘ಹೋಗು’ ಎಂದು, ಇನ್ನೊಬ್ಬರು ‘ಮಾಡು’ ಎಂದು, ಹುಡುಗರು ಇಂಗ್ಲಿಷಿನಲ್ಲಿ ಮತ್ತೇನೋ ಹೇಳಿದರೆ ಮರಿ ಯಾವುದನ್ನು ಹಿಡಿಯಬೇಕು? ಹಗ್ಗ ಹಿಡಿದು ಸುಮ್ಮನೆ ನಿಂತಿರಿ, ಆಟವಾಡಿಸಬೇಡಿ. ಐದು ನಿಮಿಷದಲ್ಲಿ ಮಾಡದಿದ್ದರೆ ಒಳಗೆ ತಂದು ಹತ್ತಿರದಲ್ಲೇ ಕಟ್ಟಿಕೊಂಡು, ಹತ್ತು ನಿಮಿಷ ಬಿಟ್ಟು ಮತ್ತೆ ಕರೆದೊಯ್ಯಿರಿ.

ಅದು ಮಾಡಿ ಮುಗಿಸಿದ ಕ್ಷಣವೇ, ಅಲ್ಲಿಯೇ, ತಲೆ ಸವರಿ ಒಂದು ಚೂರು ತಿನಿಸು ಕೊಡಬೇಕು. ಮನೆಗೆ ಬಂದ ಮೇಲೆ ಕೊಟ್ಟರೆ ಮನೆಗೆ ಬಂದದ್ದಕ್ಕೆ ಕೊಟ್ಟರೆಂದು ಅದು ತಿಳಿಯುತ್ತದೆ. ಬೇಯಿಸಿದ ಮೊಟ್ಟೆಯ ಕಡಲೆಕಾಳಿನಷ್ಟು ತುಣುಕು ಸಾಕು. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ತೋಟದವರು ಕೈಗೆ ಸಿಕ್ಕಿತೆಂದು ದ್ರಾಕ್ಷಿಯನ್ನು ಮಾತ್ರ ಕೊಡಬೇಡಿ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತವೆ.

ಮಲಗುವ ಜಾಗ ಚಿಕ್ಕದಾಗಿರಲಿ. ತಾನು ಮಲಗುವಲ್ಲಿ ಗಲೀಜು ಮಾಡಲು ಮರಿ ಇಷ್ಟಪಡದು. ಕಣ್ಣೆದುರು ಇಟ್ಟುಕೊಳ್ಳಲಾಗದ ವೇಳೆಯಲ್ಲಿ ಮೈ ಚಾಚಿ ಮಲಗುವಷ್ಟೇ ಅಗಲದ ಮರದ ಪೆಟ್ಟಿಗೆಯಲ್ಲೋ ಗಾಳಿಯಾಡುವ ದೊಡ್ಡ ಮಂಕರಿಯಡಿಯಲ್ಲೋ ಹಳೆಯ ಬಟ್ಟೆ ಹಾಸಿ ಬಿಡಬಹುದು. ಮೇಲೆ ಹೇಳಿದ ಗಂಟೆಗಳ ಲೆಕ್ಕ ಮೀರಿ ಕೂಡಿಹಾಕಿದರೆ ಬೇರೆ ದಾರಿಯಿಲ್ಲದೆ ಅಲ್ಲೇ ಮಾಡುತ್ತದೆ. ಒಮ್ಮೆ ಆ ಹೇಸಿಗೆ ಮುರಿಯಿತೆಂದರೆ ಕಲಿಸಲು ನಮಗಿದ್ದ ಮುಖ್ಯ ಆಧಾರವೇ ಹೋದಂತೆ.

ಆಹಾರದ ಹೊತ್ತು ಗೊತ್ತಿದ್ದರೆ ಹೊರಕ್ಕೆ ಹೋಗುವ ಹೊತ್ತೂ ಗೊತ್ತಾಗುತ್ತದೆ. 3 ತಿಂಗಳವರೆಗೆ ದಿನಕ್ಕೆ 4 ಸಲ, 6 ತಿಂಗಳವರೆಗೆ 3 ಸಲ, ಆಮೇಲೆ 2 ಸಲ ಕೊಡಿ. ಇಡೀ ದಿನ ತಟ್ಟೆಯಲ್ಲಿ ಅನ್ನ ಬಿಟ್ಟಿಡಬೇಡಿ. ಮನೆಯಲ್ಲಿ ಹಾಲಿದೆಯೆಂದು ಬಟ್ಟಲುಗಟ್ಟಲೆ ಹಸುವಿನ ಹಾಲು ಹಾಕಿದರೆ ಅನೇಕ ಮರಿಗಳಿಗೆ ಭೇದಿಯಾಗುತ್ತದೆ. ಭೇದಿಯಾದ ಮರಿಗೆ ಯಾವ ಪಾಠವೂ ಹತ್ತದು. ರಾಗಿ ಮುದ್ದೆ, ಅನ್ನ, ಬೇಯಿಸಿದ ಮೊಟ್ಟೆ ಸರಿಹೋಗುತ್ತವೆ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡ, ಅದು ನಾಯಿಯ ರಕ್ತಕ್ಕೆ ಹಾನಿ.

ಹೊಡೆಯುವುದರಿಂದ ಏನಾಗುತ್ತದೆ

ಒಳಗೆ ಗಲೀಜು ಮಾಡಿದ ಮರಿಯ ಮೂತಿಯನ್ನು ಅದರಲ್ಲೇ ಉಜ್ಜಿ ಬೆನ್ನಿಗೆರಡು ಬಿಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಇದರಿಂದ ಮರಿ ಕಲಿಯುವುದು ಒಂದೇ: ಮನುಷ್ಯರ ಎದುರಿಗೆ ಮಾಡಬಾರದು. ಹಾಗಾಗಿ ಅದು ಅಟ್ಟದ ಮೆಟ್ಟಿಲ ಕೆಳಗೆ, ಮೂಟೆಗಳ ಸಂದಿಯಲ್ಲಿ, ಮೆದೆಯ ಹಿಂದೆ ಮರೆ ಹುಡುಕುತ್ತದೆ. ನೀವು ಹಗ್ಗ ಹಿಡಿದು ಮರಳಿನ ಜಾಗದಲ್ಲಿ ನಿಂತರೂ ನಿಮ್ಮೆದುರು ಮಾಡಲು ಹೆದರುತ್ತದೆ. ಅರ್ಧ ಗಂಟೆ ಕಳೆದ ಮೇಲೆ ಕೊಟ್ಟ ಏಟು ಯಾತಕ್ಕೆಂದು ಅದಕ್ಕೆ ತಿಳಿಯುವುದೂ ಇಲ್ಲ. ತಲೆ ತಗ್ಗಿಸುವುದು ನಿಮ್ಮ ಮುಖ ನೋಡಿ ಹೆದರಿದ್ದರಿಂದ. ಮಾಡುತ್ತಿರುವಾಗಲೇ ಕಂಡರೆ ಚಪ್ಪಾಳೆ ತಟ್ಟಿ ಗಮನ ಸೆಳೆದು, ಎತ್ತಿಕೊಂಡು ಜಾಗಕ್ಕೆ ಒಯ್ಯಿರಿ. ಆಮೇಲೆ ಕಂಡರೆ ಏನೂ ಅನ್ನದೆ ತೊಳೆಯಿರಿ.

ತೊಳೆಯುವುದರಲ್ಲೂ ಕ್ರಮವಿದೆ. ವಾಸನೆ ಉಳಿದಲ್ಲಿಗೆ ಮರಿ ಮತ್ತೆ ಬರುತ್ತದೆ. ಫಿನಾಯಿಲ್ ನಮ್ಮ ಮೂಗಿಗೆ ವಾಸನೆಯನ್ನು ಮುಚ್ಚುತ್ತದೆ, ನಾಯಿಯ ಮೂಗಿಗೆ ಮುಚ್ಚುವುದಿಲ್ಲ. ಗಂಜಲ ಚಿಮುಕಿಸುವ ಪದ್ಧತಿಯುಳ್ಳವರು ಆ ಮೂಲೆಯನ್ನು ಕೆಲವು ದಿನ ಬಿಡುವುದು ಲೇಸು. ಅದೂ ಮೂತ್ರದ ವಾಸನೆಯೇ ಆದುದರಿಂದ ಮರಿಗೆ ಆಹ್ವಾನ ಕೊಟ್ಟಂತಾಗುತ್ತದೆ. ರೇಷ್ಮೆ ಸಾಕುವ ಮನೆಗಳಲ್ಲಿ ಬ್ಲೀಚಿಂಗ್ ಪುಡಿ ಕೈಗೆ ಸಿಗುವಂತಿರುತ್ತದೆ. ಮೂತ್ರದ ಮೇಲೆ ಅದನ್ನು ಸುರಿದರೆ ಕಣ್ಣು ಗಂಟಲು ಉರಿಸುವ ಅನಿಲ ಏಳುವುದರಿಂದ ಹಾಗೆ ಮಾಡಕೂಡದು. ಟೈಲ್ಸ್ ಅಥವಾ ಸಿಮೆಂಟು ನೆಲವಾದರೆ ಬಟ್ಟೆಯಿಂದ ಹೀರಿ, ಬಟ್ಟೆ ಸೋಪಿನ ಪುಡಿಯ ನೀರಿನಲ್ಲಿ ಉಜ್ಜಿ, ಅಡುಗೆ ಸೋಡಾ ಉದುರಿಸಿ ಒಣಗಿಸಿ. ಸಗಣಿ ಸಾರಿಸಿದ ಮಣ್ಣಿನ ನೆಲವಾದರೆ ತೊಳೆದು ಪ್ರಯೋಜನವಿಲ್ಲ. ಅರ್ಧ ಅಂಗುಲ ಕೆರೆದು ತೆಗೆದು, ಹೊಸ ಮಣ್ಣು ಮೆತ್ತಿ ಸಾರಿಸಬೇಕು. ಇಂಥ ನೆಲದ ಮನೆಯಲ್ಲಿ ಒಳಗೂ ಹೊರಗೂ ಕಾಲಡಿ ಒಂದೇ ಬಗೆ ಇರುವುದರಿಂದ ಮರಿ ಕಲಿಯಲು ಒಂದೆರಡು ವಾರ ಹೆಚ್ಚು ಹಿಡಿದೀತು.

ತೆಗೆದ ಮಲವನ್ನು ಏನು ಮಾಡಬೇಕು

ತಿಪ್ಪೆಗೆ ಹಾಕಬೇಡಿ. ಸರಿಯಾಗಿ ಒಟ್ಟಿದ ಕಾಂಪೋಸ್ಟ್ ರಾಶಿ 55-60 ಡಿಗ್ರಿ ಸೆಲ್ಸಿಯಸ್ ಕಾವೇರಿ ಕೆಲವು ದಿನ ಹಾಗೆಯೇ ನಿಂತರೆ ಹುಳುವಿನ ಮೊಟ್ಟೆಗಳು ಸಾಯುತ್ತವೆ ನಿಜ. ನಮ್ಮ ಊರ ತಿಪ್ಪೆಗಳ ಅಂಚಿನಲ್ಲಿ, ಮೇಲ್ಪದರದಲ್ಲಿ ಅಷ್ಟು ಕಾವು ಬರುವುದಿಲ್ಲ. ಆ ಗೊಬ್ಬರ ನೇರವಾಗಿ ಸೊಪ್ಪಿನ ಮಡಿಗೆ ಹೋಗುತ್ತದೆ. ಬೇರೆಯಾಗಿ 2 ಅಡಿ ಆಳದ ಗುಂಡಿ ತೋಡಿ, ದಿನವೂ ಹಾಕಿ ಮೇಲೆ ಒಂದು ಸಲಿಕೆ ಬೂದಿ ಅಥವಾ ಮಣ್ಣು ಮುಚ್ಚಿ. ಬೂದಿ ನೊಣವನ್ನು ತಡೆಯುತ್ತದೆ; ಮೊಟ್ಟೆಯನ್ನು ಕೊಲ್ಲುತ್ತದೆಂದು ನಂಬಬೇಡಿ. ಗುಂಡಿ ತುಂಬುತ್ತ ಬಂದಾಗ ಮೇಲೆ ಒಂದಡಿ ಮಣ್ಣು ಹಾಕಿ ಮುಚ್ಚಿ, ಬೇರೆ ಗುಂಡಿ ತೋಡಿ. ಮರಳಿನ ಜಾಗದ ಮೇಲ್ಪದರವನ್ನು ಆಗಾಗ ಕೆರೆದು ಇದಕ್ಕೇ ಹಾಕಿ ಹೊಸ ಮರಳು ಹರಡಬೇಕು.

ನಾಯಿಯ ಮೂತ್ರ ಬಿದ್ದಲ್ಲಿ ಸಸಿ ಸುಡುವುದನ್ನು ಕೆಲವರು ವಿಷವೆಂದು ತಿಳಿಯುತ್ತಾರೆ. ಅದು ವಿಷವಲ್ಲ, ಅದರಲ್ಲಿರುವ ಯೂರಿಯಾ ಮತ್ತು ಲವಣ ಒಂದೇ ಕಡೆ ಬಿದ್ದುದರ ಫಲ. ಒಂದು ಹಿಡಿ ಯೂರಿಯಾವನ್ನು ಎಳೆ ಸಸಿಯ ಬುಡಕ್ಕೇ ಸುರಿದರೆ ಆಗುವುದೂ ಅದೇ. ಕೂಡಲೇ ಒಂದು ಕೊಡ ನೀರು ಹೊಯ್ದರೆ ಸಸಿ ಉಳಿಯಬಹುದು. ಆದರೆ ನಾಯಿಯ ಮತ್ತು ಇಲಿಯ ಮೂತ್ರದಲ್ಲಿ ಇಲಿಜ್ವರದ ರೋಗಾಣುಗಳು ಇರಬಹುದಾದ್ದರಿಂದ ತೊಟ್ಟಿ, ಕಾಲುವೆಯ ಹತ್ತಿರ ಕಾಲೆತ್ತಲು ಬಿಡಬಾರದು. ಕಾಲಿಗೆ ಗಾಯವಿದ್ದವರು ಅಂಥ ನೀರಿಗೆ ಇಳಿಯಬಾರದು. ನಾಯಿಗೆ ಈ ರೋಗದ ಲಸಿಕೆ ಉಂಟು.

ಮಳೆಗಾಲ, ದೊಡ್ಡ ನಾಯಿ

ಮಳೆಯಲ್ಲಿ ಮರಿ ಹೊರಗೆ ಹೋಗಲು ಒಪ್ಪದೆ ಜಗುಲಿಯಲ್ಲೇ ಮುಗಿಸುತ್ತದೆ. ಮರಳಿನ ಜಾಗದ ಅರ್ಧ ಭಾಗಕ್ಕೆ ನಾಲ್ಕು ಗೂಟ ನೆಟ್ಟು ಒಂದು ತಗಡು ಹೊದಿಸಿದರೆ ಈ ತೊಂದರೆ ತಪ್ಪುತ್ತದೆ. ಮಳೆ ನಿಂತ ಮೇಲೆ ತಗಡನ್ನು ತೆಗೆದು ಬಿಸಿಲು ಬೀಳಲು ಬಿಡಿ. ನಾಟಿ ಮರಿಯಾಗಲಿ, ಮುಧೋಳದಿಂದ ತಂದ ಬೇಟೆನಾಯಿಯ ಮರಿಯಾಗಲಿ ಕಲಿಸುವ ಕ್ರಮ ಒಂದೇ. ಮೊದಲ ಆರು ವಾರ ಕಟ್ಟುನಿಟ್ಟಾಗಿ ನಡೆಸಿದರೆ ರೂಢಿ ಬೀಳುತ್ತದೆ. ಪೂರ್ತಿ ನಂಬಬೇಕಾದರೆ ಮರಿಗೆ ಆರು ತಿಂಗಳಾದರೂ ತುಂಬಬೇಕು. ನಡುವೆ ಒಂದೆರಡು ಸಲ ತಪ್ಪಿದರೆ ಬೇಸರಪಡಬೇಡಿ, ಒಂದು ವಾರ ಮೊದಲಿನಂತೆಯೇ ಎರಡು ಗಂಟೆಗೊಮ್ಮೆ ಕರೆದೊಯ್ಯಿರಿ.

ಈಗಾಗಲೇ ಕಣವನ್ನೋ ಮೆದೆಯನ್ನೋ ಜಾಗ ಮಾಡಿಕೊಂಡ ದೊಡ್ಡ ನಾಯಿಯನ್ನೂ ತಿದ್ದಬಹುದು. ಒಂದು ತಿಂಗಳು ಅದನ್ನು ಬಿಟ್ಟು ಸಾಕುವುದನ್ನು ನಿಲ್ಲಿಸಿ, ಹಗ್ಗ ಹಿಡಿದು ದಿನಕ್ಕೆ ನಾಲ್ಕು ಸಲ ಮರಳಿನ ಜಾಗಕ್ಕೇ ಕರೆದೊಯ್ಯಬೇಕು. ಮೊದಲ ದಿನ ಅದರದೇ ಮಲವನ್ನು ಒಂದಿಷ್ಟು ಅಲ್ಲಿ ಇಟ್ಟಿರಿ; ವಾಸನೆ ಹಿಡಿದು ಗುರುತಿಸುತ್ತದೆ. ಮೆದೆಯ ಸುತ್ತ ಬೇಲಿ ಕಟ್ಟಿ, ಗಲೀಜಾದ ಹುಲ್ಲನ್ನು ತೆಗೆದು ಹೂಳಬೇಕೇ ಹೊರತು ದನಕ್ಕೆ ಹಾಕಬಾರದು. ಗಂಡು ನಾಯಿ ಕಂಬ, ಮೂಟೆ, ಟ್ರಾಕ್ಟರಿನ ಗಾಲಿಗಳಿಗೆಲ್ಲ ಸ್ವಲ್ಪ ಸ್ವಲ್ಪವೇ ಮೂತ್ರ ಹಾಯಿಸುವುದು ಗಡಿ ಗುರುತಿಸುವ ಸ್ವಭಾವದಿಂದ. ಬೀಜ ತೆಗೆಸಿದರೆ ಹಲವು ನಾಯಿಗಳಲ್ಲಿ ಇದು ಕಡಿಮೆಯಾಗುತ್ತದೆ. ಚೆನ್ನಾಗಿ ಕಲಿತ ನಾಯಿ ಇದ್ದಕ್ಕಿದ್ದಂತೆ ಒಳಗೆ ಮಾಡತೊಡಗಿದರೆ, ಪದೇ ಪದೇ ಹನಿಹನಿಯಾಗಿ ಹಾಯಿಸಿದರೆ, ಅಥವಾ ವಿಪರೀತ ನೀರು ಕುಡಿದರೆ ರೋಗವಿದೆಯೆಂದು ತಿಳಿದು ಪಶುವೈದ್ಯರಿಗೆ ತೋರಿಸಿ.

ಜಂತುಹುಳುವಿನ ಔಷಧಿಯನ್ನು ಮರಿಗೆ 2 ವಾರ ವಯಸ್ಸಿನಿಂದ 2 ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, 6 ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ 3 ತಿಂಗಳಿಗೊಮ್ಮೆ ಕೊಡಿಸುವುದು ವಾಡಿಕೆ. ದುಂಡುಹುಳು ತಾಯಿಯ ಗರ್ಭದಲ್ಲೇ ಮರಿಗೆ ಬರುವುದರಿಂದ ‘ಇನ್ನೂ ಹಾಲು ಕುಡಿಯುವ ಮರಿ’ ಎಂದು ಬಿಡುವಂತಿಲ್ಲ. ಪ್ರಮಾಣ ಮರಿಯ ತೂಕವನ್ನು ಅವಲಂಬಿಸಿದೆ. ಕುರಿಗೆ ತಂದ ಔಷಧಿಯನ್ನು ಅಂದಾಜಿನ ಮೇಲೆ ಕುಡಿಸಬೇಡಿ. 3 ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಲು ಹತ್ತಿರದ ಪಶು ಚಿಕಿತ್ಸಾಲಯಕ್ಕೆ ಹೇಗೂ ಹೋಗಬೇಕು. ಅಂದು ಬೆಳಿಗ್ಗೆ ಮರಳಿನ ಮೇಲೆ ಬಿದ್ದ ಮಲದ ಕಡಲೆಕಾಯಿ ಬೀಜದಷ್ಟು ಭಾಗವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಒಯ್ದು ಕೊಟ್ಟರೆ, ಪರೀಕ್ಷಿಸಿ ಯಾವ ಹುಳುವಿದೆಯೆಂದು ಹೇಳಲು ವೈದ್ಯರಿಗೆ ಅನುಕೂಲವಾಗುತ್ತದೆ.